ಬಿದ್ದವನ ಬಳಿ ನಿಂತ ಬೈಕು

2021ರ ಜನವರಿ 6. ಸೌದಿ ಅರೇಬಿಯಾದ ವಾದಿ ಅದ್ ದವಾಸಿರ್‌ನಿಂದ ರಿಯಾದ್ ಕಡೆಗೆ ಡಕಾರ್ ರ‍್ಯಾಲಿಯ ನಾಲ್ಕನೆಯ ಹಂತ. ಗಡಿಯಾರ ಓಡುವ ಸ್ಪೆಷಲ್ ಭಾಗವೇ 337 ಕಿಲೋಮೀಟರ್. ಸ್ಪೆಷಲ್ ಶುರುವಾಗುವ ಜಾಗಕ್ಕೆ ಹೋಗುವ ದಾರಿ, ಮುಗಿದ ಮೇಲೆ ಡೇರೆ ಸೇರುವ ದಾರಿ ಎರಡನ್ನೂ ಕೂಡಿಸಿದರೆ ಒಂದೇ ದಿನಕ್ಕೆ 800 ಮೀರುತ್ತದೆ. ನಮ್ಮ ಸಾಸ್ವೆಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಅದೇ ದಿನ ವಾಪಸು ಬಂದರೂ ಅಷ್ಟಾಗುವುದಿಲ್ಲ. ಸ್ಪೆಷಲ್ ಭಾಗವಂತೂ ಟಾರು ರಸ್ತೆಯಲ್ಲಲ್ಲ. ಜಲ್ಲಿ, ಮರಳು, ಬತ್ತಿದ ಹಳ್ಳ, ಮತ್ತೆ ಜಲ್ಲಿ. ಹ್ಯಾಂಡಲ್ ಮೇಲೆ ಸುರುಳಿ ಸುತ್ತಿಟ್ಟ ರೋಡ್‌ಬುಕ್. ಬೆರಳಿನಿಂದ ಅದನ್ನು ಸರಿಸುತ್ತ, ಅದರ ಗುರುತು ಓದುತ್ತ, ಮುಂದಿನ ಕಲ್ಲನ್ನು ನೋಡುತ್ತ, ಗಂಟೆಗೆ ನೂರು ದಾಟಿದ ವೇಗದಲ್ಲಿ ನಿಂತೇ ಬೈಕ್ ಓಡಿಸಬೇಕು. ಒಂದು ಕ್ಷಣ ಕಾಗದದ ಮೇಲೆ ಕಣ್ಣಿಟ್ಟರೆ ಆ ಕ್ಷಣದಲ್ಲಿ ಬೈಕ್ ಇಪ್ಪತ್ತೈದು ಮೂವತ್ತು ಮೀಟರ್ ಮುಂದೆ ಹೋಗಿರುತ್ತದೆ.

ಆ ಜಲ್ಲಿಯಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಬಿದ್ದರು. ಸ್ಪೆಷಲ್‌ನ ಅರ್ಧ ದೂರವೂ ಮುಗಿದಿರಲಿಲ್ಲ. ತಲೆಗೆ ಪೆಟ್ಟು, ಭುಜದ ಕೀಲು ಜಾರಿದೆ, ಮೈಯಲ್ಲಿ ಎಚ್ಚರವಿಲ್ಲ. ಸುತ್ತ ಎಲ್ಲೂ ಮನೆಯಿಲ್ಲ, ಮರವಿಲ್ಲ. ಹಿಂದಿನಿಂದ ಬರುತ್ತಿರುವ ಪ್ರತಿಯೊಬ್ಬನೂ ಸ್ಪರ್ಧಿ, ಪ್ರತಿಯೊಬ್ಬನಿಗೂ ಒಂದೊಂದು ಸೆಕೆಂಡಿನ ಲೆಕ್ಕವಿದೆ. ಹಾಲೆಂಡಿನ ಸವಾರ ಪಾಲ್ ಸ್ಪೀರಿಂಗ್ಸ್ ಬಂದರು, ನೋಡಿದರು, ಬ್ರೇಕ್ ಹಿಡಿದರು.

ಆ ಬ್ರೇಕಿನ ಹಿಂದೆ ನಲವತ್ತು ವರ್ಷ ದಾಟಿದ ಕಥೆಯಿದೆ.

1977ರಲ್ಲಿ ಅಬಿಜಾನ್‌ನಿಂದ ನೀಸ್‌ಗೆ ನಡೆದ ರ‍್ಯಾಲಿಯಲ್ಲಿ ಥಿಯರಿ ಸಬೀನ್ ಎಂಬ ಫ್ರೆಂಚ್ ಸವಾರ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿದ. ಅವನ ಯಮಾಹ ಎಕ್ಸ್‌ಟಿ 500ರಲ್ಲಿ ದಿಕ್ಕು ಹೇಳುವ ಉಪಗ್ರಹದ ಯಂತ್ರವಿರಲಿಲ್ಲ, ಆ ಕಾಲಕ್ಕೆ ಯಾರ ಬೈಕಿನಲ್ಲೂ ಇರಲಿಲ್ಲ. ಹಗಲು ಸುಡುವ ಮರಳು, ರಾತ್ರಿ ಮೂಳೆ ಕೊರೆಯುವ ಚಳಿ. ತುಂಗಭದ್ರೆಯ ನೀರು ಕುಡಿದು ಬೆಳೆದ ನಮಗೆ ನೀರಿಲ್ಲದ ಮೂರು ದಿನ ಎಂದರೆ ಊಹೆಗೆ ನಿಲುಕುವುದಿಲ್ಲ. ಸಾಸ್ವೆಹಳ್ಳಿ ಏತ ನೀರಾವರಿಯಿಂದ ಕೆರೆ ತುಂಬಲಿ ಎಂದು ಕಾದು ಕೂತ ಚನ್ನಗಿರಿಯ ಒಣ ಸೀಮೆಯವರನ್ನು ಕೇಳಿದರೆ ಸ್ವಲ್ಪ ತಿಳಿದೀತು. ಸಬೀನ್ ಸಾಯುವ ಹಂತಕ್ಕೆ ಬಂದಿದ್ದ. ರ‍್ಯಾಲಿ ನಡೆಸುತ್ತಿದ್ದವರು ಅವನನ್ನು ಬಿಟ್ಟು ಮುಂದೆ ಹೋಗಲಿಲ್ಲ. ವಿಮಾನ ಹಾರಿಸಿದರು, ಹುಡುಕಿದರು, ಸಿಕ್ಕ.

ಬದುಕಿ ಬಂದವನು ಮತ್ತೆ ಮರುಭೂಮಿಯ ಹೆಸರೆತ್ತಬಾರದಿತ್ತು. ಅವನು ಮಾಡಿದ್ದೇ ಬೇರೆ. ಮರುವರ್ಷ, 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನ ಟ್ರೊಕಡೆರೊದಿಂದ 182 ವಾಹನಗಳನ್ನು ಹೊರಡಿಸಿದ. ಸಮುದ್ರ ದಾಟಬೇಕು, ಸಹಾರಾ ದಾಟಬೇಕು, ಸೆನೆಗಲ್‌ನ ಡಕಾರ್ ಮುಟ್ಟಬೇಕು. ಹತ್ತು ಸಾವಿರ ಕಿಲೋಮೀಟರ್. ಮುಟ್ಟಿದ್ದು 74. ಗೆದ್ದವನು ಸಿರಿಲ್ ನೆವ್ಯೂ, ಅವನ ಕೈಲಿದ್ದದ್ದೂ ಎಕ್ಸ್‌ಟಿ 500. ಮೊದಲ ವರ್ಷವೇ ಪಾತ್ರಿಸ್ ದೊದಾಂ ಎಂಬ ಸವಾರ ಪ್ರಾಣ ಕಳೆದುಕೊಂಡ. ಓಟ ಹುಟ್ಟಿದ ವರ್ಷವೇ ಮರುಭೂಮಿ ಒಂದು ಜೀವ ತೆಗೆದುಕೊಂಡಿತು.

ಅದೇ 1978ರಲ್ಲಿ, ಅದೇ ಮಣ್ಣಿನ ಹುಚ್ಚಿನಿಂದ, ಅಮೆರಿಕದಲ್ಲಿ ಇನ್ನೊಂದು ಸರಣಿ ಹುಟ್ಟಿತು. ಅಲ್ಲಿನ ಜಾತ್ರೆ ಮೈದಾನಗಳಲ್ಲಿ ಕುದುರೆ ಓಡಿಸಲು ಕಟ್ಟಿದ ಅರ್ಧ ಮೈಲಿಯ ಮಣ್ಣಿನ ವೃತ್ತಗಳಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅವುಗಳ ಮೇಲೆ ಕಾರು ಓಡಿದವು. 1915ರಲ್ಲಿ ಜಾತ್ರೆಗಳ ಓಟಕ್ಕೆಂದೇ ಒಂದು ಸಂಘ ಕಟ್ಟಿದರು. 1955ರಲ್ಲಿ ಲ ಮಾನ್‌ನ ರೇಸಿನ ಭೀಕರ ಅಪಘಾತದ ನಂತರ ಅಮೆರಿಕನ್ ಆಟೊಮೊಬೈಲ್ ಸಂಘ ರೇಸಿನ ಸಹವಾಸವೇ ಬೇಡ ಎಂದು ಕೈತೊಳೆದುಕೊಂಡಾಗಲೂ ಮಣ್ಣಿನವರು ನಿಲ್ಲಲಿಲ್ಲ. 1961ರಲ್ಲಿ ಅಯೋವಾ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ದೊಡ್ಡ ವಾರ್ಷಿಕ ಓಟ ಶುರುವಾಯಿತು. ರಾಯ್ ರಾಬಿನ್ಸ್ ಗೆದ್ದ. ಒಂದೊಂದು ಊರಿನಲ್ಲಿ ಒಂದೊಂದು ನಿಯಮ, ಒಂದೊಂದು ಬಹುಮಾನ. ಆ ಚೆದುರಿದ ಓಟಗಾರರನ್ನು 1978ರಲ್ಲಿ ಟೆಡ್ ಜಾನ್ಸನ್ ‘ವರ್ಲ್ಡ್ ಆಫ್ ಔಟ್‌ಲಾಸ್’ ಎಂಬ ಒಂದೇ ಹೆಸರಿನಡಿ ತಂದ. ಟೆಕ್ಸಸ್‌ನ ಡೆವಿಲ್ಸ್ ಬೌಲ್‌ನಲ್ಲಿ ಮೊದಲ ಓಟ, ಗೆದ್ದವನು ಜಿಮ್ಮಿ ಬಾಯ್ಡ್. ಸರಣಿ ಗೆದ್ದವನು ಸ್ಟೀವ್ ಕಿನ್ಸರ್. ಅವನು ಒಟ್ಟು ಇಪ್ಪತ್ತು ಸಲ ಅದನ್ನು ಗೆದ್ದ.

ಆ ಸರಣಿಯಲ್ಲಿ ಓಡುವ ಸ್ಪ್ರಿಂಟ್ ಕಾರನ್ನು ಒಮ್ಮೆ ನೋಡಿ. ಅದಕ್ಕೆ ಸ್ಟಾರ್ಟರ್ ಇಲ್ಲ, ಹಿಂದಿನಿಂದ ಟ್ರಕ್ಕೊಂದು ನೂಕಿದರೆ ಎಂಜಿನ್ ಹತ್ತಿಕೊಳ್ಳುತ್ತದೆ. ಕ್ಲಚ್ ಇಲ್ಲ, ಬದಲಾಯಿಸಲು ಗೇರ್ ಇಲ್ಲ. ತೂಕ ಸುಮಾರು 640 ಕಿಲೋ, ಶಕ್ತಿ 900 ಕುದುರೆಗಳ ಆಸುಪಾಸು. ಹಿಂದಿನ ಬಲ ಚಕ್ರ ಎಡದ್ದಕ್ಕಿಂತ ದೊಡ್ಡದು, ಕಾರು ತಾನಾಗಿಯೇ ಎಡಕ್ಕೆ ತಿರುಗಲಿ ಎಂದು. ತಲೆಯ ಮೇಲೆ ದೊಡ್ಡ ರೆಕ್ಕೆ. ಚಾಲಕನ ಸುತ್ತ ಉಕ್ಕಿನ ಪಂಜರ. ಆ ಪಂಜರ ಮೊದಲಿಂದ ಇರಲಿಲ್ಲ. ಕಾರು ಪಲ್ಟಿ ಹೊಡೆದಾಗ ಚಾಲಕನ ತಲೆ ನೆಲಕ್ಕೆ ಬಡಿದು ಎಷ್ಟೋ ಹೆಣ ಬಿದ್ದ ಮೇಲೆ ಅದು ಕಡ್ಡಾಯವಾಯಿತು. ಆ ಕಾರಿನಲ್ಲಿ ಉರಿಯುವುದು ಮೆಥನಾಲ್. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ.

ಪಂಜರ ಬಂದ ಮೇಲೂ ಒಮ್ಮೆ ಹೀಗಾಯಿತು. 1992ರ ಏಪ್ರಿಲ್‌ನಲ್ಲಿ ಕನ್ಸಾಸ್‌ನ ಲೇಕ್‌ಸೈಡ್ ಟ್ರ್ಯಾಕಿನಲ್ಲಿ ಡಗ್ ವುಲ್ಫ್‌ಗ್ಯಾಂಗ್‌ನ ಕಾರು ಗೋಡೆಗೆ ಅಪ್ಪಳಿಸಿ ಹೊತ್ತಿಕೊಂಡಿತು. ಆತ ಒಳಗೆ ಸಿಕ್ಕಿಕೊಂಡ. ಅವನನ್ನು ಕಾಯಬೇಕಾದ ಉಕ್ಕೇ ಅವನನ್ನು ಹಿಡಿದಿಟ್ಟಿತ್ತು. ನಿಮಿಷಗಳು ಕಳೆದವು. ಕೊನೆಗೆ ಅವನನ್ನು ಹೊರಗೆಳೆದವರಲ್ಲಿ ಅವನ ಜತೆ ಓಡುತ್ತಿದ್ದ ಚಾಲಕರೂ ಇದ್ದರು. ಸುಟ್ಟು ಹೋದ ಮೈ, ಒಡೆದ ತಲೆಬುರುಡೆ. ಆದರೂ ಆತ ಬದುಕಿದ, ಮತ್ತೆ ಕಾರು ಹತ್ತಿದ ಕೂಡ.

ವೃತ್ತದ ಟ್ರ್ಯಾಕಿನಲ್ಲಾದರೆ ಬೇಲಿಯಾಚೆ ಆಂಬುಲೆನ್ಸ್ ಇರುತ್ತದೆ. ಸಹಾರಾದಲ್ಲಿ? ಅಲ್ಲಿ ಪಂಜರವೂ ಇಲ್ಲ, ಬೇಲಿಯೂ ಇಲ್ಲ. ನಿನ್ನ ಹಿಂದೆ ಬರುವವನು ನಿಂತರೆ ನೀನುಂಟು. ಡಕಾರ್‌ನಲ್ಲಿ ಮೊದಲಿನಿಂದ ಬಂದಿರುವ ಪದ್ಧತಿ ಇದು: ಬಿದ್ದವನನ್ನು ಕಂಡರೆ ನಿಲ್ಲು. ನೀನು ನಿಂತ ಸಮಯವನ್ನು ಸಂಜೆ ಲೆಕ್ಕ ಹಾಕಿ ವಾಪಸು ಕೊಡುತ್ತಾರೆ.

1982ರಲ್ಲಿ ಬ್ರಿಟನ್ ಪ್ರಧಾನಿಯ ಮಗ ಮಾರ್ಕ್ ಥ್ಯಾಚರ್ ಸಹಾರಾದಲ್ಲಿ ಆರು ದಿನ ಕಾಣೆಯಾಗಿ ಜಗತ್ತೆಲ್ಲ ಡಕಾರ್ ಓಟದ ಹೆಸರು ಕೇಳಿತು. ಅದಕ್ಕಿಂತ ನನ್ನನ್ನು ಹಿಡಿದು ಅಲ್ಲಾಡಿಸುವುದು 1987ರ ಊಬೆರ್ ಓರಿಯೋಲ್‌ನ ಕಥೆ. ಗೆಲುವು ಕೈಗೆಟುಕಿತ್ತು, ಡಕಾರ್ ಇನ್ನೇನು ಬಂದೇ ಬಿಟ್ಟಿತ್ತು. ಬೈಕ್ ಉರುಳಿತು. ಎರಡೂ ಪಾದದ ಕೀಲು ಮುರಿದವು. ಎರಡೂ! ಓರಿಯೋಲ್ ಬೈಕ್ ಹತ್ತಿದ. ಮುರಿದ ಕಾಲಿನಲ್ಲಿ ಗೇರ್ ಹಾಕಿದ, ಮುರಿದ ಕಾಲಿನಲ್ಲಿ ಬ್ರೇಕ್ ಒತ್ತಿದ, ಹಂತದ ಕೊನೆಯವರೆಗೂ ಓಡಿಸಿದ. ಅಲ್ಲಿ ತಲುಪಿ ಅತ್ತ. ಅವನನ್ನು ಬೈಕಿನಿಂದ ಇಳಿಸಬೇಕಾಯಿತು. ಆ ವರ್ಷ ಗೆದ್ದದ್ದು ನೆವ್ಯೂ. ಅಷ್ಟರಲ್ಲಿ ಸಬೀನ್ ಇರಲಿಲ್ಲ. 1986ರ ಜನವರಿ 14ರಂದು ಮಾಲಿಯಲ್ಲಿ ಮರಳಿನ ಬಿರುಗಾಳಿಗೆ ಸಿಕ್ಕಿ ಅವನ ಹೆಲಿಕಾಪ್ಟರ್ ಬಿದ್ದಿತ್ತು. ಒಳಗಿದ್ದ ಐದೂ ಜನ ಹೋದರು. ಅವನ ಬೂದಿಯನ್ನು ಟೆನೆರೆ ಮರುಭೂಮಿಯಲ್ಲಿ ಚೆಲ್ಲಿದರು.

ಓಟ ಮಾತ್ರ ಉಳಿಯಿತು. 2007ರ ಕೊನೆಯಲ್ಲಿ ಮಾರಿಟಾನಿಯಾದಲ್ಲಿ ಫ್ರೆಂಚ್ ಪ್ರವಾಸಿಗರ ಹತ್ಯೆಯಾಯಿತು, 2008ರ ಓಟ ರದ್ದಾಯಿತು, 2009ರಲ್ಲಿ ಅದು ದಕ್ಷಿಣ ಅಮೆರಿಕಕ್ಕೆ ಗುಳೆ ಹೋಯಿತು. ಆಫ್ರಿಕಾ ಬಿಟ್ಟರೂ ಹೆಸರು ಡಕಾರ್ ಎಂದೇ ಉಳಿಯಿತು. ಅಲ್ಲಿಗೆ ಬಂದರು ನಮ್ಮ ಸಂತೋಷ್.

ಪೂರ್ತಿ ಹೆಸರು ಚುಂಚನಗುಪ್ಪೆ ಶಿವಶಂಕರ್ ಸಂತೋಷ್. 1983ರಲ್ಲಿ ಹುಟ್ಟಿದವರು. ಬೆಂಗಳೂರಿನ ಮಣ್ಣಿನ ಟ್ರ್ಯಾಕುಗಳಲ್ಲಿ, ಸೂಪರ್‌ಕ್ರಾಸ್‌ನ ದಿಬ್ಬಗಳ ಮೇಲೆ ಬೈಕ್ ಹಾರಿಸುತ್ತ ಬೆಳೆದರು. ರೇಡ್ ಡಿ ಹಿಮಾಲಯ ರ‍್ಯಾಲಿ ಗೆದ್ದರು. ಆಮೇಲೆ ಮರುಭೂಮಿಗೆ ಇಳಿದರು. 2013ರಲ್ಲಿ ಅಬುಧಾಬಿಯ ಮರಳಿನಲ್ಲಿ ಓಡುತ್ತಿದ್ದ ಬೈಕಿಗೇ ಬೆಂಕಿ ಹತ್ತಿತು. ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಊರಿಗೆ ಬಂದು ಬೈಕ್ ಮಾರಿ ನೆಮ್ಮದಿಯಾಗಿರಬಹುದಿತ್ತು. 2015ರ ಜನವರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಡಕಾರ್‌ನ ಆರಂಭದ ಗೆರೆಯ ಮೇಲೆ ನಿಂತಿದ್ದರು, ಕೆಟಿಎಂ 450ರ ಮೇಲೆ.

ಮೂರನೆಯ ಹಂತದಲ್ಲಿ ಪೋಲೆಂಡಿನ ಮಿಹಾವ್ ಹೆರ್ನಿಕ್ ಎಂಬ ಸವಾರ ಸತ್ತ. ಮರುದಿನ ಬೆಳಗ್ಗೆ ಉಳಿದವರು ಮತ್ತೆ ಹೆಲ್ಮೆಟ್ ಕಟ್ಟಿದರು. ಆಂಡಿಸ್ ಏರಿದರು, ಅಟಕಾಮಾ ಇಳಿದರು. ಎಂಟನೆಯ ಹಂತಕ್ಕೆ ಬೊಲಿವಿಯಾದ ಉಯುನಿ. ಸಮುದ್ರ ಮಟ್ಟದಿಂದ 3,600 ಮೀಟರ್‌ಗೂ ಮೇಲೆ, ಕಣ್ಣು ಹಾಯುವವರೆಗೆ ಬರೀ ಉಪ್ಪು. ರಾತ್ರಿಯೆಲ್ಲ ಮಳೆ ಸುರಿದಿತ್ತು. ಉಪ್ಪಿನ ಬಯಲು ಉಪ್ಪಿನ ಕೆರೆಯಾಗಿತ್ತು. ಓಡಿಸಬಾರದು ಎಂದು ಸವಾರರು ವಾದಿಸಿದರು. ಓಡಿಸಲೇಬೇಕಾಯಿತು. ಚಕ್ರ ಎರಚಿದ ಉಪ್ಪುನೀರು ರೇಡಿಯೇಟರ್ ಮುಚ್ಚಿತು, ವೈರುಗಳ ಒಳಗೆ ನುಗ್ಗಿತು. ಚಳಿಗೆ ಬೆರಳು ಮರಗಟ್ಟಿದವು. ಮುಂಚೂಣಿಯಲ್ಲಿದ್ದ ಜುವಾನ್ ಬರೆಡಾನ ಬೈಕ್ ಅಲ್ಲೇ ಕೈಕೊಟ್ಟಿತು. ಅವನ ಗೆಲುವು ಆ ಉಪ್ಪಿನಲ್ಲಿ ಕರಗಿತು. ಕಾರ್ಖಾನೆ ತಂಡಗಳ ಘಟಾನುಘಟಿಗಳು ಕೆಟ್ಟು ನಿಂತ ಆ ನೀರನ್ನು ಸಂತೋಷ್ ದಾಟಿದರು. ಜನವರಿ 17ರಂದು ಮತ್ತೆ ಬ್ಯೂನಸ್ ಐರಿಸ್. ಹೊರಟ ಬೈಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ತಲುಪಿದ್ದವು. ಸಂತೋಷ್ 36ನೆಯವರು. ಡಕಾರ್ ಮುಗಿಸಿದ ಮೊದಲ ಭಾರತೀಯ. ಚುಂಚನಗುಪ್ಪೆಯ ಹೆಸರಿನವನೊಬ್ಬ ಡಕಾರ್ ಮುಗಿಸಿ ಬಂದ ಎಂದು ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಆ ವರ್ಷ ಎರಡನೆಯ ಸ್ಥಾನ ಪಡೆದವನು ಪೋರ್ಚುಗಲ್‌ನ ಪೌಲೊ ಗೊನ್ಸಾಲ್ವೆಸ್. ಈ ಕಥೆಯಲ್ಲಿ ಇವನನ್ನು ಮರೆಯಬೇಡಿ.

2016. ಉಯುನಿಯಿಂದ ಸಾಲ್ಟಾ ಕಡೆಗೆ ಓಟ. ಗೊನ್ಸಾಲ್ವೆಸ್ ಇಡೀ ರ‍್ಯಾಲಿಯ ಮುಂಚೂಣಿಯಲ್ಲಿದ್ದಾನೆ. ದಾರಿಯಲ್ಲಿ ಆಸ್ಟ್ರಿಯಾದ ಮಥಿಯಾಸ್ ವಾಲ್ಕ್ನರ್ ಬಿದ್ದಿದ್ದಾನೆ, ತೊಡೆಯ ಮೂಳೆ ಮುರಿದಿದೆ. ಗೊನ್ಸಾಲ್ವೆಸ್ ನಿಂತ. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು, ವೈದ್ಯರು ಬರುವವರೆಗೆ, ತನ್ನ ಎದುರಾಳಿಯ ಪಕ್ಕದಲ್ಲಿ ನಿಂತ. ಸಂಜೆ ಸಮಯ ವಾಪಸು ಕೊಟ್ಟರು, ನಿಜ. ಆದರೆ ನಿಲ್ಲುವಾಗ ಮನುಷ್ಯ ಸಂಜೆಯ ಲೆಕ್ಕ ಹಾಕುತ್ತಾನೆಯೇ? ವಾಲ್ಕ್ನರ್ ಗುಣವಾದ, 2018ರಲ್ಲಿ ಡಕಾರ್ ಗೆದ್ದ.

2019ರಲ್ಲಿ ಗೊನ್ಸಾಲ್ವೆಸ್ ಭಾರತದ ಹೀರೊ ತಂಡಕ್ಕೆ ಸೇರಿದ. ಸಂತೋಷ್ ಅದೇ ತಂಡದವರು. ಗೊನ್ಸಾಲ್ವೆಸ್‌ನ ಭಾವಮೈದುನ ಜೋಕಿಂ ರೋಡ್ರಿಗಸ್ ಕೂಡ ಅದೇ ತಂಡ. 2020ರಲ್ಲಿ ಡಕಾರ್ ಸೌದಿಗೆ ಬಂತು. ಮೂರನೆಯ ಹಂತದಲ್ಲೇ ಗೊನ್ಸಾಲ್ವೆಸ್‌ನ ಎಂಜಿನ್ ಸತ್ತಿತು. ಗಂಟೆಗಟ್ಟಲೆ ಮರಳಿನಲ್ಲಿ ಕಾದ, ಟ್ರಕ್ ಬಂದಾಗ ಹೊಸ ಎಂಜಿನ್ ಇಳಿಸಿಕೊಂಡು ತಾನೇ ಕೂರಿಸಿದ, ಹಂತ ಮುಗಿಸಿದ. ಗೆಲ್ಲುವ ಆಸೆ ಅಲ್ಲಿಗೆ ಮುಗಿದಿತ್ತು. ಆದರೂ ಓಡಿದ.

ಜನವರಿ 12, ಏಳನೆಯ ಹಂತ, ರಿಯಾದ್‌ನಿಂದ ವಾದಿ ಅದ್ ದವಾಸಿರ್‌ಗೆ. 276ನೆಯ ಕಿಲೋಮೀಟರ್‌ನಲ್ಲಿ ಗೊನ್ಸಾಲ್ವೆಸ್ ಬಿದ್ದ. ಹಿಂದಿನ ವರ್ಷದ ವಿಜೇತ, ಆಸ್ಟ್ರೇಲಿಯಾದ ಟೋಬಿ ಪ್ರೈಸ್ ಅವನನ್ನು ಕಂಡು ನಿಂತ. ಸ್ಲೊವಾಕಿಯಾದ ಸ್ವಿಟ್ಕೊ ನಿಂತ. ರೋಡ್ರಿಗಸ್ ಬಂದ. ತನ್ನ ಮನೆಯ ಮನುಷ್ಯ ನೆಲದ ಮೇಲಿದ್ದ. ಹೆಲಿಕಾಪ್ಟರ್ ಎಂಟೇ ನಿಮಿಷದಲ್ಲಿ ಇಳಿಯಿತು. ಹೃದಯ ನಿಂತಿತ್ತು. ವೈದ್ಯರ ಪ್ರಯತ್ನ ಫಲಿಸಲಿಲ್ಲ. ಅವನಿಗೆ 40 ವರ್ಷ, ಅದು ಅವನ ಹದಿಮೂರನೆಯ ಡಕಾರ್. ಮರುದಿನ ಬೈಕುಗಳ ಹಂತ ರದ್ದಾಯಿತು. ಹೀರೊ ತಂಡ ಓಟ ಬಿಟ್ಟು ಮನೆಗೆ ಹೊರಟಿತು.

ಈಗ ಮತ್ತೆ 2021ಕ್ಕೆ ಬನ್ನಿ. ಅದೇ ಎರಡು ಊರುಗಳು, ದಿಕ್ಕು ಮಾತ್ರ ತಿರುಗಿದೆ. ಹೀರೊ ಅಂಗಿ ತೊಟ್ಟ ಇನ್ನೊಬ್ಬ ಸವಾರ ಅದೇ ಸೀಮೆಯ ಜಲ್ಲಿಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಾನೆ. ಹಿಂದಿನ ವರ್ಷದ ಸಾವಿನ ನಂತರ ಕೆಲವು ನಿಯಮ ಬಿಗಿಯಾಗಿದ್ದವು. ಬಿದ್ದಾಗ ಉಬ್ಬಿಕೊಂಡು ಎದೆ ಬೆನ್ನು ಕಾಯುವ ಏರ್‌ಬ್ಯಾಗ್ ಕೋಟು ಸವಾರರಿಗೆ ಕಡ್ಡಾಯವಾಗಿತ್ತು. ಇಡೀ ರ‍್ಯಾಲಿಗೆ ಹಿಂದಿನ ಟೈರು ಆರೇ ಎಂದು ಕಟ್ಟಿಹಾಕಿದ್ದರು, ಟೈರು ಉಳಿಸಲಿಕ್ಕಾದರೂ ವೇಗ ತಗ್ಗಿಸಲಿ ಎಂದು. ಬೈಕಿನಲ್ಲಿ ಉಪಗ್ರಹಕ್ಕೆ ಕೂಗು ಕಳಿಸುವ ಯಂತ್ರವಿತ್ತು. ಇವೆಲ್ಲ ಬೇಕು. ಆದರೆ ಮೈಮೇಲೆ ಎಚ್ಚರವಿಲ್ಲದವನ ಬಳಿ ಮಂಡಿಯೂರಿ, ಉಸಿರು ನೋಡಿ, ಹಿಂದಿನಿಂದ ನುಗ್ಗಿ ಬರುವ ಬೈಕುಗಳಿಗೆ ಕೈಬೀಸಿ ಅಡ್ಡ ನಿಲ್ಲಲು ಇನ್ನೊಬ್ಬ ಮನುಷ್ಯನೇ ಬೇಕು. ಸ್ಪೀರಿಂಗ್ಸ್ ನಿಂತರು. ಹೆಲಿಕಾಪ್ಟರ್ ಬಂತು. ರಿಯಾದ್‌ನ ಆಸ್ಪತ್ರೆಯಲ್ಲಿ ಮಿದುಳಿಗೆ ವಿಶ್ರಾಂತಿ ಸಿಗಲೆಂದು ಔಷಧಿ ಕೊಟ್ಟು ಕೋಮಾದಲ್ಲಿ ಮಲಗಿಸಿದರು.

ಬೆಂಗಳೂರು ಕಾಯಿತು. ಆ ದಿನಗಳಲ್ಲಿ ಡಕಾರ್‌ನಿಂದ ಬಂದ ಸುದ್ದಿಗಳೆಲ್ಲ ಕೆಟ್ಟವು. ಜನವರಿ 10ರಂದು ಓರಿಯೋಲ್, ಆ ಮುರಿದ ಕಾಲಿನ ಓರಿಯೋಲ್, ತೀರಿಕೊಂಡ. ಅದೇ ದಿನ ಪಿಯರ್ ಶೆರ್ಪ್ಯಾಂ ಎಂಬ ಫ್ರೆಂಚ್ ಸವಾರ ಬಿದ್ದ, ಅವನನ್ನೂ ಕೋಮಾದಲ್ಲಿಟ್ಟರು, ಅವನು ಕಣ್ಣು ತೆರೆಯಲಿಲ್ಲ. ಸಂತೋಷ್ ಕಣ್ಣು ತೆರೆದರು. ಗುರುತು ಹಿಡಿದರು. ಊರಿಗೆ ಬಂದರು.

ನಮ್ಮ ಸಾಸ್ವೆಹಳ್ಳಿ, ಹೊನ್ನಾಳಿ, ನ್ಯಾಮತಿ ಕಡೆಯ ಹುಡುಗರಿಗೆ ಈ ಕಥೆ ಹೇಳಬೇಕು ಎಂದು ನನಗೆ ಬಹಳ ಆಸೆ. ಅವರಿಗೆ ಧೈರ್ಯದ ಪಾಠ ಬೇಕಿಲ್ಲ. ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಕಟ್ಟಿದ ಹೋರಿ ಗುಂಪು ಸೀಳಿಕೊಂಡು ಬರುವಾಗ ಅದರ ಮೈಮೇಲೆ ಬೀಳುವವರು ಅವರು. ಅಲ್ಲಿ ಒಬ್ಬ ಕಾಲಡಿಗೆ ಸಿಕ್ಕರೆ, ಕೊಬ್ಬರಿಗಾಗಿ ಅವನ ಜತೆ ಪೈಪೋಟಿಗಿಳಿದಿದ್ದವನೇ ಅವನ ರಟ್ಟೆ ಹಿಡಿದು ಬದಿಗೆಳೆಯುತ್ತಾನೆ. ಡಕಾರ್‌ನ ಪದ್ಧತಿ ಅವರಿಗೆ ಹೊಸದೇನಲ್ಲ. ಆದರೆ ಅದೇ ಹುಡುಗ ಹೊನ್ನಾಳಿ ರಸ್ತೆಯಲ್ಲಿ ರಾತ್ರಿ ಬೈಕ್ ಬಿದ್ದದ್ದನ್ನು ಕಂಡರೆ ಒಂದು ಕ್ಷಣ ನಿಧಾನಿಸಿ ಮುಂದೆ ಹೋಗುತ್ತಾನೆ. ಪೊಲೀಸು, ಸಾಕ್ಷಿ, ಕೋರ್ಟು, ನಮಗೇಕೆ ಎಂದು. ಆ ಭಯಕ್ಕೆ ಈಗ ಕಾರಣವಿಲ್ಲ. ರಸ್ತೆಯಲ್ಲಿ ಬಿದ್ದವನಿಗೆ ನೆರವಾದವನನ್ನು ಕಾಯುವ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿದೆ. ಕರ್ನಾಟಕ ಇದಕ್ಕೆಂದೇ ತನ್ನದೇ ಕಾಯ್ದೆ ತಂದಿದೆ. ಆಸ್ಪತ್ರೆಗೆ ಸೇರಿಸಿ ಹೆಸರು ಹೇಳದೆ ಹೊರಟರೂ ಯಾರೂ ತಡೆಯುವಂತಿಲ್ಲ. ಬೈಕ್ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ, ಬಿದ್ದವನ ಪಕ್ಕದಲ್ಲಿ ನಿಲ್ಲಿ. ಸ್ಪೀರಿಂಗ್ಸ್ ಮಾಡಿದ್ದು ಇದಕ್ಕಿಂತ ದೊಡ್ಡ ಕೆಲಸವಲ್ಲ, ಒಂದು ಜೀವ ಉಳಿಯಲು ಅಷ್ಟು ಸಾಕಾಯಿತು.

ಸಂತೋಷ್ ಕೋಲಾರ ಜಿಲ್ಲೆಯಲ್ಲಿ ಬಿಗ್ ರಾಕ್ ಎಂಬ ಮಣ್ಣಿನ ಟ್ರ್ಯಾಕ್ ಕಟ್ಟಿದ್ದಾರೆ. ಬಂಡೆಗಳ ನಡುವೆ ದಿಬ್ಬ, ತಿರುವು, ಮರಳು. ಬೈಕ್ ಮೇಲೆ ನಿಲ್ಲುವುದು ಹೇಗೆ, ಬೀಳುವುದು ಹೇಗೆ ಎಂದು ಹೊಸಬರು ಕಲಿಯಲು ಅಲ್ಲಿಗೆ ಹೋಗುತ್ತಾರೆ. ಅವರು ತೆರೆದ ದಾರಿಯಲ್ಲಿ ಕೇರಳದ ಹರಿತ್ ನೋವಾ ನಡೆದರು. 2024ರ ಡಕಾರ್‌ನಲ್ಲಿ ಒಟ್ಟಾರೆ 11ನೆಯವರಾಗಿ ತಮ್ಮ ವಿಭಾಗವನ್ನೇ ಗೆದ್ದರು.

ಇನ್ನು ರೋಡ್ರಿಗಸ್. ಭಾವನನ್ನು ಆ ಮರಳಿನಲ್ಲಿ ಕಳೆದುಕೊಂಡವನು, ಮರುವರ್ಷ ಸಂತೋಷ್ ಬಿದ್ದ ಓಟದಲ್ಲೂ ನಿಲ್ಲಿಸದೆ 11ನೆಯವನಾಗಿ ಮುಗಿಸಿದವನು, 2022ರಲ್ಲಿ ಮತ್ತೆ ಅದೇ ಸೌದಿಗೆ ಬಂದ. ಮೂರನೆಯ ಹಂತ. ಕಾರ್ಖಾನೆ ತಂಡಗಳ ದೊಡ್ಡ ಹೆಸರುಗಳೆಲ್ಲ ಓಡುತ್ತಿದ್ದವು. ಸಂಜೆ ಸಮಯ ಕೂಡಿಸಿದಾಗ ಎಲ್ಲರಿಗಿಂತ ಮೇಲೆ ಇದ್ದದ್ದು ರೋಡ್ರಿಗಸ್‌ನ ಹೆಸರು. ಡಕಾರ್‌ನಲ್ಲಿ ಭಾರತದ ಬೈಕ್ ಕಂಪನಿಯೊಂದು ಹಂತ ಗೆದ್ದದ್ದು ಅದೇ ಮೊದಲು.